ಹುಲ್ಲುಹಾಸು ಮತ್ತು ಕೈತೋಟ ನಿರ್ವಹಣೆ: ಅಲ್ಪ ಬಂಡವಾಳದ ಸ್ವಯಂ ಉದ್ಯೋಗ

ನಗರಗಳ ವಸತಿ ಸಂಕೀರ್ಣಗಳು, ಶಾಲೆಗಳು, ಆಸ್ಪತ್ರೆಗಳು, ಕಾರ್ಖಾನೆಗಳ ಆವರಣಗಳು ಮತ್ತು ಸ್ವತಂತ್ರ ಮನೆಗಳ ಅಂಗಳಗಳಲ್ಲಿ ಹಸಿರಿಗಾಗಿ ಮೀಸಲಿಟ್ಟ ಜಾಗವು ಒಮ್ಮೆ ನಿರ್ಮಿಸಿದ ಮಾತ್ರಕ್ಕೆ ಉಳಿದುಬರುವಂಥದಲ್ಲ. ಗೋಡೆಗೆ ಒಮ್ಮೆ ಬಣ್ಣ ಬಳಿದರೆ ನಾಲ್ಕಾರು ವರ್ಷ ಅದರ ಚಿಂತೆ ಇರುವುದಿಲ್ಲ. ಹುಲ್ಲುಹಾಸನ್ನು ಮಳೆಗಾಲದಲ್ಲಿ ಹದಿನೈದು ದಿನ ಮರೆತರೆ ಅದು ಮೇವಿನ ಹೊಲದಂತಾಗುತ್ತದೆ. ಈ ನಿರಂತರ ಅಗತ್ಯವೇ ಕೈತೋಟ ನಿರ್ವಹಣೆಯನ್ನು ಒಂದು ಸ್ಥಿರವಾದ ಸ್ವಯಂ ಉದ್ಯೋಗವನ್ನಾಗಿ ಮಾಡಬಲ್ಲುದು.

ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಮುಂಬಯಿ, ಪುಣೆ ಮತ್ತು ಹೈದರಾಬಾದ್ ನಗರಗಳಿಗೆ ದುಡಿಮೆಗಾಗಿ ಹೋಗಿ ನೆಲೆಸಿದ ಕುಟುಂಬಗಳು ಅನೇಕ. ಮಣ್ಣಿನ ಗುಣ, ನೀರಿನ ಹದ, ಗಿಡದ ಸ್ವಭಾವ ಇವರಿಗೆ ಹುಟ್ಟಿನಿಂದ ಬಂದ ತಿಳಿವಳಿಕೆ. ಹೀಗಿದ್ದೂ ಇಂಥವರಲ್ಲಿ ಹಲವರು ಬೇರೊಬ್ಬರ ಕೈಕೆಳಗೆ ದಿನಗೂಲಿಯ ಮಾಲಿಗಳಾಗಿಯೇ ಉಳಿಯುತ್ತಾರೆ. ಸ್ವಂತ ಉದ್ಯಮ ಆರಂಭಿಸಿದವರಲ್ಲಿಯೂ ಕೆಲವರು ಒಂದೆರಡು ವರ್ಷಗಳಲ್ಲಿ ಅದನ್ನು ಬಿಟ್ಟು ಮತ್ತೆ ಕೂಲಿಗೆ ಮರಳುವುದುಂಟು. ಗಿಡಗಳ ತಿಳಿವಳಿಕೆಯ ಕೊರತೆ ಇದಕ್ಕೆ ಕಾರಣವಾಗುವುದು ಅಪರೂಪ. ಲೆಕ್ಕದ ಕೊರತೆ ಕಾರಣವಾಗುವುದೇ ಹೆಚ್ಚು. ಆದುದರಿಂದ ಈ ಪಾಠದಲ್ಲಿ ಕೆಲಸದ ಕ್ರಮದ ಜೊತೆಗೆ ದರ ನಿಗದಿ ಮತ್ತು ವರ್ಷಪೂರ್ತಿ ಹಣದ ಹೊಂದಾಣಿಕೆಗೆ ಹೆಚ್ಚಿನ ಗಮನ ಕೊಡಲಾಗಿದೆ.

ಸೇವೆಯ ಸ್ವರೂಪ

ಈ ಉದ್ಯಮದಲ್ಲಿ ಎರಡು ಬಗೆಯ ಕೆಲಸಗಳಿವೆ. ನಿಗದಿತ ಅವಧಿಗೊಮ್ಮೆ ಮಾಡುವ ನಿರ್ವಹಣೆ ಮೊದಲನೆಯದು: ಹುಲ್ಲು ಕತ್ತರಿಸುವುದು, ಅಂಚು ನೇರಗೊಳಿಸುವುದು, ಕಳೆ ತೆಗೆಯುವುದು, ಪಾತಿಗಳ ಮಣ್ಣು ಸಡಿಲಿಸುವುದು, ಗೊಬ್ಬರ ಕೊಡುವುದು ಇದರಲ್ಲಿ ಸೇರುತ್ತವೆ. ಬಿಡಿ ಕೆಲಸಗಳು ಎರಡನೆಯವು: ಹೊಸ ಹುಲ್ಲುಹಾಸು ನಿರ್ಮಾಣ, ಬೇಲಿಗಿಡಗಳನ್ನು ಸವರುವುದು, ಕುಂಡ ಬದಲಿಸುವುದು, ಋತುಮಾನದ ಹೂವಿನ ಪಾತಿ, ಎಲೆಗೊಬ್ಬರದ ಗುಂಡಿ ಮುಂತಾದವು. ಮೊದಲನೆಯದು ಉದ್ಯಮಕ್ಕೆ ಸ್ಥಿರತೆ ಕೊಡುತ್ತದೆ. ಎರಡನೆಯದು ಲಾಭ ಕೊಡುತ್ತದೆ. ಎರಡರ ಸಮತೋಲನವಿಲ್ಲದೆ ಉದ್ಯಮವು ನಿಲ್ಲಲಾರದು.

ಹುಲ್ಲಿನ ಪರಿಚಯ

ನಮ್ಮ ದೇಶದ ಹುಲ್ಲುಹಾಸುಗಳಲ್ಲಿ ಅತ್ಯಂತ ವ್ಯಾಪಕವಾದುದು ಗರಿಕೆ. ಗಣೇಶನ ಪೂಜೆಗೆ ಏರುವ ಈ ಹುಲ್ಲೇ ಉತ್ತರ ಭಾರತದಲ್ಲಿ ದೂಬ್ ಎಂಬ ಹೆಸರಿನಿಂದ ಪರಿಚಿತ. ಇದಕ್ಕೆ ಪೂರ್ಣ ಬಿಸಿಲು ಬೇಕು; ತುಳಿತವನ್ನು ಸಹಿಸಿ ಬೇಗ ಚೇತರಿಸಿಕೊಳ್ಳುತ್ತದೆ. ಕೊರಿಯನ್ ಹುಲ್ಲು ನಿಧಾನವಾಗಿ ಬೆಳೆದು ದಿಂಬಿನಂತೆ ಉಬ್ಬುತ್ತದೆ. ಇದನ್ನು ಪದೇಪದೇ ಕತ್ತರಿಸಬೇಕಾಗಿಲ್ಲ. ಅಗಲ ಎಲೆಯ ಬಫೆಲೋ ಹುಲ್ಲು ತಕ್ಕಮಟ್ಟಿಗೆ ನೆರಳನ್ನು ತಡೆದುಕೊಳ್ಳುತ್ತದೆ. ಎತ್ತರದ ಕಟ್ಟಡಗಳ ನಡುವೆ ದಿನದ ಬಹುಪಾಲು ನೆರಳಿರುವ ಜಾಗದಲ್ಲಿ ಗರಿಕೆಯನ್ನು ಹಾಕಿ, ಅದು ತೆಳುವಾದಾಗ ಗೊಬ್ಬರ ಸುರಿಯುವುದು ವ್ಯರ್ಥ. ಗ್ರಾಹಕರಿಗೆ ಇದನ್ನು ಮೊದಲೇ ತಿಳಿಸುವುದು ಲೇಸು.

ಕತ್ತರಿಸುವಿಕೆಯ ಮೂಲ ನಿಯಮ ಒಂದೇ: ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಹುಲ್ಲನ್ನು 3 ಸೆಂಟಿಮೀಟರ್ ಎತ್ತರದಲ್ಲಿ ಇರಿಸಬೇಕಾದರೆ ಅದು 4.5 ಸೆಂಟಿಮೀಟರ್ ಮುಟ್ಟಿದಾಗಲೇ ಕತ್ತರಿಸಬೇಕು. ಬುಡದವರೆಗೆ ಬೋಳಿಸಿದರೆ ಎಲೆಗಳಲ್ಲಿ ಆಹಾರ ತಯಾರಿಕೆ ಕುಂದುತ್ತದೆ, ಬೇರು ಮೇಲಕ್ಕೇ ಉಳಿಯುತ್ತದೆ, ತೆರವಾದ ನೆಲದಲ್ಲಿ ಜೇಕು ಮೊದಲಾದ ಕಳೆಗಳು ನುಗ್ಗುತ್ತವೆ. ಒದ್ದೆ ಹುಲ್ಲನ್ನು ಕತ್ತರಿಸುವುದನ್ನು ಸಾಧ್ಯವಾದಷ್ಟೂ ತಪ್ಪಿಸಬೇಕು. ಅದು ಅಲಗಿಗೆ ಸುತ್ತಿಕೊಳ್ಳುತ್ತದೆ, ಚಕ್ರದ ಗುರುತು ನೆಲದಲ್ಲಿ ಉಳಿಯುತ್ತದೆ.

ಉಪಕರಣಗಳು

ಹುಲ್ಲು ಕತ್ತರಿಸುವ ಯಂತ್ರಕ್ಕೆ ಇಂಗ್ಲೆಂಡಿನ ಎಡ್ವಿನ್ ಬಡಿಂಗ್ ಎಂಬ ಕುಶಲಕರ್ಮಿ 1830ರಲ್ಲಿ ಪೇಟೆಂಟ್ ಪಡೆದನು. ನೇಯ್ದ ಬಟ್ಟೆಯ ಮೇಲಿನ ನವಿರು ಎಳೆಗಳನ್ನು ಕತ್ತರಿಸುವ ಗಿರಣಿಯ ಯಂತ್ರವೇ ಅವನಿಗೆ ಮಾದರಿಯಾಯಿತು. ಉರುಳೆಯ ಸುತ್ತ ಅಲಗುಗಳಿರುವ, ಕೈಯಿಂದ ತಳ್ಳುವ ಇಂದಿನ ಯಂತ್ರದ ಮೂಲ ತತ್ತ್ವ ಅದೇ ಆಗಿದೆ. ಇಂಧನ ಬೇಡದ, ಸದ್ದು ಮಾಡದ ಈ ಯಂತ್ರವು ಸಣ್ಣ ಸಮತಟ್ಟಾದ ಹುಲ್ಲುಹಾಸಿಗೆ ಸಾಕು. ದೊಡ್ಡ ಆವರಣಗಳಿಗೆ ವಿದ್ಯುತ್ ಅಥವಾ ಪೆಟ್ರೋಲಿನಿಂದ ನಡೆಯುವ, ಅಡ್ಡಲಾಗಿ ಅಲಗು ತಿರುಗುವ ಯಂತ್ರ ಬೇಕಾಗುತ್ತದೆ. ಏರುತಗ್ಗಿನ ಜಾಗಕ್ಕೆ ಮತ್ತು ಅಂಚಿಗೆ ಹೆಗಲಿಗೆ ತೂಗುಹಾಕಿಕೊಳ್ಳುವ ಬ್ರಷ್ ಕಟರ್ ಉಪಯುಕ್ತ.

ಇವುಗಳ ಜೊತೆಗೆ ಗುದ್ದಲಿ, ಕುಡುಗೋಲು, ಖುರ್ಪಿ, ಕೊಂಬೆ ಸವರುವ ಕತ್ತರಿ, ಬೇಲಿ ಕತ್ತರಿ, ಬುಟ್ಟಿ, ನೀರಿನ ಪೈಪು ಮತ್ತು ಕೈ ಸಿಂಪರಣಾ ಯಂತ್ರ ಇದ್ದರೆ ಆರಂಭಕ್ಕೆ ಸಾಕಷ್ಟಾಯಿತು. ಮೊದಲ ದಿನವೇ ದುಬಾರಿ ಯಂತ್ರ ಕೊಳ್ಳುವ ಬದಲು ಅದನ್ನು ಬಾಡಿಗೆಗೆ ಪಡೆದು, ತಿಂಗಳಿಗೆ ಎಷ್ಟು ಗಂಟೆ ಅದು ದುಡಿಯುತ್ತದೆ ಎಂಬುದನ್ನು ಬರೆದಿಟ್ಟು, ಅನಂತರ ಕೊಳ್ಳುವುದು ಜಾಣತನ. ಬಿಡಿಭಾಗ ಮತ್ತು ರಿಪೇರಿ ಅದೇ ಊರಿನಲ್ಲಿ ದೊರೆಯುವ ಯಂತ್ರವನ್ನೇ ಆರಿಸಬೇಕು.

ಕೆಲಸದ ಅಳತೆ ಮತ್ತು ದರ ನಿಗದಿ

ಜಾಗವನ್ನು ಕಣ್ಣಳತೆಯಿಂದ ನೋಡಿ ದರ ಹೇಳುವುದು ಈ ವೃತ್ತಿಯಲ್ಲಿ ಸಾಮಾನ್ಯ ತಪ್ಪು. ಟೇಪು ಹಿಡಿದು ಅಳೆಯಬೇಕು. 40 ಸೆಂಟಿಮೀಟರ್ ಅಗಲದ ಯಂತ್ರವನ್ನು ಒಂದರ ಮೇಲೊಂದು ಪಟ್ಟಿ ಸ್ವಲ್ಪ ಬರುವಂತೆ ಗಂಟೆಗೆ 3 ಕಿಲೋಮೀಟರ್ ವೇಗದಲ್ಲಿ ತಳ್ಳಿದರೆ ಲೆಕ್ಕದ ಪ್ರಕಾರ ಸುಮಾರು 1,000 ಚದರ ಮೀಟರ್ ಮುಗಿಯಬೇಕು. ತಿರುವು, ಮರದ ಬುಡ, ಹುಲ್ಲಿನ ಚೀಲ ಬರಿದು ಮಾಡುವುದು, ವಿಶ್ರಾಂತಿ ಇವೆಲ್ಲ ಸೇರಿದರೆ ಅದರ ಅರ್ಧ ಮುಗಿದರೂ ಉತ್ತಮವೆಂದೇ ತಿಳಿಯಬೇಕು.

ದರ ನಿಗದಿಯ ವಿಧಾನವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಇಲ್ಲಿನ ಮೊತ್ತಗಳು ಲೆಕ್ಕದ ರೀತಿಯನ್ನು ತೋರಿಸಲು ಮಾತ್ರ; ಪ್ರತಿಯೊಬ್ಬರೂ ತಮ್ಮ ಊರಿನ ಕೂಲಿ ಮತ್ತು ಬೆಲೆಗಳನ್ನು ಇಟ್ಟು ಲೆಕ್ಕ ಮಾಡಬೇಕು. ಉದ್ಯಮಿ ಮತ್ತು ಒಬ್ಬ ಸಹಾಯಕ ಇರುವ ತಂಡದ ತಿಂಗಳ ವೆಚ್ಚ ಹೀಗಿದೆ ಎಂದಿಟ್ಟುಕೊಳ್ಳೋಣ:

ಉದ್ಯಮಿಯ ಸ್ವಂತ ಸಂಬಳ: 20,000 ರೂ.
ಸಹಾಯಕನ ಸಂಬಳ: 15,000 ರೂ.
ಯಂತ್ರದ ಸವಕಳಿ (30,000 ರೂ. ಬೆಲೆ, 60 ತಿಂಗಳ ಬಾಳಿಕೆ): 500 ರೂ.
ಇಂಧನ, ಅಲಗು, ರಿಪೇರಿ: 2,500 ರೂ.
ಪ್ರಯಾಣ ಮತ್ತು ಸಾಗಾಣಿಕೆ: 3,000 ರೂ.
ದೂರವಾಣಿ, ರಸೀದಿ ಪುಸ್ತಕ, ವಿಮೆ: 500 ರೂ.
ಕಾಯಿಲೆ ಮತ್ತು ಕೆಲಸ ನಿಂತ ದಿನಗಳಿಗೆ ಮೀಸಲು: 3,500 ರೂ.
ಒಟ್ಟು: 45,000 ರೂ.

ತಿಂಗಳಿಗೆ 25 ದಿನ, ದಿನಕ್ಕೆ 8 ಗಂಟೆಯಂತೆ 200 ಗಂಟೆಗಳಾಗುತ್ತವೆ. ಆದರೆ ದಾರಿಯ ಪ್ರಯಾಣ, ಉಪಕರಣ ಶುಚಿ, ಹೊಸ ಜಾಗ ನೋಡುವುದು, ಬಾಕಿ ವಸೂಲಿ ಇವಕ್ಕೆ ಕಾಲು ಭಾಗ ಹೋಗುತ್ತದೆ. ಆದಾಯ ತರುವ ಗಂಟೆಗಳು 150 ಮಾತ್ರ. 45,000ವನ್ನು 150ರಿಂದ ಭಾಗಿಸಿದರೆ ಗಂಟೆಗೆ 300 ರೂಪಾಯಿ. ಇದನ್ನು ಮರೆತು 200ರಿಂದ ಭಾಗಿಸಿದವನಿಗೆ 225 ರೂಪಾಯಿಯೇ ಸಾಕೆಂದು ತೋರುತ್ತದೆ. ಆ ದರಕ್ಕೆ ಒಪ್ಪಿಕೊಂಡರೆ ಗಂಟೆಗೆ 75 ರೂಪಾಯಿಯಂತೆ ತಿಂಗಳಿಗೆ 11,250 ರೂಪಾಯಿ ಕೈಬಿಡುತ್ತದೆ. ಈ ಕೊರತೆ ಬೀಳುವುದು ಉದ್ಯಮಿಯ ಸ್ವಂತ ಸಂಬಳದ ಮೇಲೆ. ಅದರ ಅರ್ಧಕ್ಕಿಂತ ಹೆಚ್ಚು ಭಾಗ ಹೀಗೆ ಕಾಣದಂತೆ ಕರಗಿಹೋಗುತ್ತದೆ. ವೆಚ್ಚದ ಮೇಲೆ ಶೇಕಡಾ 10ರಷ್ಟು ಲಾಭ ಸೇರಿಸಿದರೆ ತಂಡದ ದರ ಗಂಟೆಗೆ 330 ರೂಪಾಯಿ ಆಗುತ್ತದೆ.

ಮಳೆಗಾಲ ಮತ್ತು ಹಣದ ಹೊಂದಾಣಿಕೆ

ಈಗ 400 ಚದರ ಮೀಟರ್ ಹುಲ್ಲುಹಾಸಿರುವ ಒಂದು ವಸತಿ ಸಂಘವನ್ನು ತೆಗೆದುಕೊಳ್ಳಬಹುದು. ಮಳೆಗಾಲದ 4 ತಿಂಗಳು ತಿಂಗಳಿಗೆ 4 ಭೇಟಿ, ಉಳಿದ 8 ತಿಂಗಳು ತಿಂಗಳಿಗೆ 2 ಭೇಟಿ ಎಂದರೆ ವರ್ಷಕ್ಕೆ 32 ಭೇಟಿಗಳು. ಅಂಚು ಮತ್ತು ಕಳೆ ಸೇರಿ ಭೇಟಿಗೆ 2 ಗಂಟೆಯಂತೆ 64 ಗಂಟೆಗಳು. 330 ರೂಪಾಯಿ ದರದಲ್ಲಿ 21,120 ರೂಪಾಯಿ. ಸಂಘಗಳು ಪ್ರತಿ ತಿಂಗಳೂ ಒಂದೇ ಮೊತ್ತ ಕೊಡಲು ಇಷ್ಟಪಡುತ್ತವೆಯಾದುದರಿಂದ ಇದು ತಿಂಗಳಿಗೆ 1,760 ರೂಪಾಯಿಯ ವಾರ್ಷಿಕ ಒಪ್ಪಂದವಾಗುತ್ತದೆ.

ಒಂದು ತಂಡ ಇಂಥ ಎಷ್ಟು ಒಪ್ಪಂದಗಳನ್ನು ನಿಭಾಯಿಸಬಲ್ಲುದು? ಮಳೆಗಾಲದ ತಿಂಗಳಲ್ಲಿ ಪ್ರತಿ ಜಾಗಕ್ಕೆ 8 ಗಂಟೆ ಬೇಕು. 18 ಜಾಗಗಳಿಗೆ 144 ಗಂಟೆಗಳಾಗುತ್ತವೆ. ತಂಡದ ಶಕ್ತಿ ಅಲ್ಲಿಗೆ ಮುಗಿಯಿತು. ಆದರೆ ಆ ತಿಂಗಳಲ್ಲಿ ಬರುವ ಹಣ 18 ಒಪ್ಪಂದಗಳಿಂದ 31,680 ರೂಪಾಯಿ ಮಾತ್ರ. 45,000 ರೂಪಾಯಿ ವೆಚ್ಚಕ್ಕೆ ಹೋಲಿಸಿದರೆ ತಿಂಗಳಿಗೆ 13,320, ನಾಲ್ಕು ತಿಂಗಳಿಗೆ 53,280 ರೂಪಾಯಿ ಕೊರತೆ. ಒಣ ತಿಂಗಳುಗಳಲ್ಲಿ ಅದೇ ಜಾಗಗಳಿಗೆ 72 ಗಂಟೆ ಸಾಕು. ಉಳಿದ 78 ಗಂಟೆಗಳನ್ನು ಬಿಡಿ ಕೆಲಸಗಳಿಗೆ ಕೊಟ್ಟರೆ 25,740 ರೂಪಾಯಿ ಸೇರಿ ಆದಾಯ 57,420 ಆಗುತ್ತದೆ. ಎಂಟು ತಿಂಗಳ ಉಳಿತಾಯ 99,360 ರೂಪಾಯಿ. ಮಳೆಗಾಲದ ಕೊರತೆ ಕಳೆದರೆ ವರ್ಷದ ಕೊನೆಗೆ 46,080 ರೂಪಾಯಿ ಉಳಿಯುತ್ತದೆ.

ಕೈತುಂಬ ಕೆಲಸವಿರುವ ತಿಂಗಳಲ್ಲಿಯೇ ಕೈಯಲ್ಲಿ ಹಣವಿಲ್ಲದಿರುವ ಈ ಸ್ಥಿತಿಯನ್ನು ಅರಿಯದೆ ಸಾಲ ಮಾಡಿ, ಯಂತ್ರ ಮಾರಿ ಉದ್ಯಮ ಮುಚ್ಚಿದವರಿದ್ದಾರೆ. ಇದರಿಂದ ಮೂರು ಪಾಠಗಳು ದೊರೆಯುತ್ತವೆ. ಮೊದಲನೆಯದಾಗಿ, ಮುಂಬಯಿ, ಪುಣೆ, ಹೈದರಾಬಾದ್ ಮತ್ತು ದೆಹಲಿಗಳಲ್ಲಿ ಈ ಉದ್ಯಮವನ್ನು ಮಳೆಯ ಆರಂಭದಲ್ಲಿ ಅಲ್ಲದೆ ಅಕ್ಟೋಬರ್ ತಿಂಗಳಲ್ಲಿ ಆರಂಭಿಸುವುದು ಒಳ್ಳೆಯದು. ಈಶಾನ್ಯ ಮಾರುತದ ಮಳೆ ಪಡೆಯುವ ಚೆನ್ನೈಯಲ್ಲಿ ಜನವರಿ ಸೂಕ್ತ. ಎರಡನೆಯದಾಗಿ, ಒಣ ತಿಂಗಳ ಉಳಿತಾಯವನ್ನು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿಟ್ಟು ಮಳೆಗಾಲದವರೆಗೆ ಮುಟ್ಟಬಾರದು. ಮೂರನೆಯದಾಗಿ, ಒಣ ತಿಂಗಳುಗಳ ಬಿಡಿ ಕೆಲಸಗಳನ್ನು ಮುಂಚಿತವಾಗಿಯೇ ಗೊತ್ತುಪಡಿಸಿಕೊಳ್ಳಬೇಕು.

ಒಪ್ಪಂದ ಪತ್ರ

ಬಾಯಿಮಾತಿನ ಒಪ್ಪಂದವು ಸಂಘದ ಕಾರ್ಯಕಾರಿ ಸಮಿತಿ ಬದಲಾದೊಡನೆ ಮರೆತುಹೋಗುತ್ತದೆ. ಒಂದು ಪುಟದ ಪತ್ರ ಸಾಕು. ಅದರಲ್ಲಿ ಜಾಗದ ಅಳತೆ, ತಿಂಗಳುವಾರು ಭೇಟಿಗಳ ಸಂಖ್ಯೆ, ಸೇರಿದ ಮತ್ತು ಸೇರದ ಕೆಲಸಗಳು, ಗೊಬ್ಬರ ಹಾಗೂ ನೀರಿನ ಹೊಣೆ, ಹಣ ಪಾವತಿಯ ದಿನಾಂಕ ಇವನ್ನು ನಮೂದಿಸಬೇಕು. ಒಪ್ಪಂದವನ್ನು ನಡುವೆ ಕೊನೆಗೊಳಿಸಿದರೆ ಆವರೆಗೆ ಮಾಡಿದ ಭೇಟಿಗಳ ಪ್ರಕಾರ ಲೆಕ್ಕ ಚುಕ್ತಾ ಮಾಡತಕ್ಕದ್ದು ಎಂಬ ಷರತ್ತು ಅತ್ಯಗತ್ಯ. ಮೇಲಿನ ಉದಾಹರಣೆಯಲ್ಲಿ ಜೂನ್ ತಿಂಗಳಿನಲ್ಲಿ ಆರಂಭವಾದ ಒಪ್ಪಂದವನ್ನು ಸೆಪ್ಟೆಂಬರ್ ಕೊನೆಗೆ ರದ್ದುಪಡಿಸಿದರೆ, ಮಾಡಿದ ಕೆಲಸ 10,560 ರೂಪಾಯಿಯದು. ಬಂದ ಹಣ 7,040 ರೂಪಾಯಿ. ಷರತ್ತು ಇದ್ದರೆ ಉಳಿದ 3,520 ರೂಪಾಯಿಯನ್ನು ಕೇಳುವ ಹಕ್ಕು ಇರುತ್ತದೆ. ಒಣ ತಿಂಗಳುಗಳಲ್ಲಿ ಗ್ರಾಹಕರು ಹೆಚ್ಚು ಕೊಟ್ಟಿದ್ದರೆ ಅದನ್ನು ಹಿಂದಿರುಗಿಸುವ ಹೊಣೆಯೂ ಉದ್ಯಮಿಯದೇ. ಪ್ರತಿ ಭೇಟಿಯ ದಿನ ಕಾವಲುಗಾರ ಅಥವಾ ವ್ಯವಸ್ಥಾಪಕರಿಂದ ಪುಸ್ತಕದಲ್ಲಿ ಸಹಿ ಪಡೆಯುವುದರಿಂದ ಮುಂದಿನ ವಾದಗಳು ತಪ್ಪುತ್ತವೆ.

ಊರಿಗೆ ತಕ್ಕ ಋತುಚರ್ಯೆ

ಒಂದು ಊರಿನ ಅನುಭವವನ್ನು ಇನ್ನೊಂದು ಊರಿಗೆ ಹಾಗೆಯೇ ಒಯ್ಯಲಾಗದು. ದೆಹಲಿಯಲ್ಲಿ ಡಿಸೆಂಬರ್ ಮತ್ತು ಜನವರಿಯ ಚಳಿಗೆ ಗರಿಕೆ ಹಳದಿಯಾಗಿ ಬೆಳವಣಿಗೆ ನಿಲ್ಲಿಸುತ್ತದೆ. ಅದು ಸತ್ತಿಲ್ಲ, ನಿದ್ರಿಸುತ್ತಿದೆ ಎಂಬುದನ್ನು ಗ್ರಾಹಕರಿಗೆ ಮೊದಲೇ ತಿಳಿಸಬೇಕು. ಅದೇ ಕಾಲ ಅಲ್ಲಿ ಹೂವಿನ ಕಾಲವೂ ಹೌದು. ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ ಬಿತ್ತಿದ ಪಿಟೂನಿಯಾ, ಪ್ಯಾನ್ಸಿ ಮುಂತಾದವು ಚಳಿಯ ಕೊನೆಗೆ ಅರಳುತ್ತವೆ. ಮುಂಬಯಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ನಿಲ್ಲದಂತೆ ನೋಡುವುದೇ ಮುಖ್ಯ ಕೆಲಸ. ಪುಣೆ ಮತ್ತು ಹೈದರಾಬಾದಿನಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಹುಲ್ಲನ್ನು ತುಸು ಎತ್ತರಕ್ಕೆ ಬಿಡುವುದರಿಂದ ನೆಲದ ತೇವ ಉಳಿಯುತ್ತದೆ. ಚೆನ್ನೈಯಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಕತ್ತರಿಸುವ ಕೆಲಸ ಹೆಚ್ಚು.

ನೀರಿನ ವಿವೇಕ

ಒಂದು ಚದರ ಮೀಟರ್ ಜಾಗಕ್ಕೆ 1 ಮಿಲಿಮೀಟರ್ ನೀರು ಎಂದರೆ 1 ಲೀಟರ್. ಕಡುಬೇಸಿಗೆಯಲ್ಲಿ ಹುಲ್ಲುಹಾಸಿಗೆ ದಿನಕ್ಕೆ 5 ಮಿಲಿಮೀಟರ್ ಬೇಕೆಂದು ಹಿಡಿದರೆ 400 ಚದರ ಮೀಟರಿಗೆ ದಿನಕ್ಕೆ 2,000 ಲೀಟರ್. ಐದು ದಿನಕ್ಕೆ 10,000 ಲೀಟರಿನ ಒಂದು ಟ್ಯಾಂಕರ್. ಚೆನ್ನೈ ನಗರವು 2019ರ ಬೇಸಿಗೆಯಲ್ಲಿ ತೀವ್ರ ಜಲಕ್ಷಾಮ ಕಂಡಿತು. ಬೆಂಗಳೂರಿನಲ್ಲಿ ಮಾರ್ಚ್ 2024ರಲ್ಲಿ ಕೈತೋಟಕ್ಕೆ ಕುಡಿಯುವ ನೀರು ಬಳಸುವುದನ್ನು ಜಲಮಂಡಳಿ ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಿತು.

ಆದುದರಿಂದ ದೊಡ್ಡ ಹುಲ್ಲುಹಾಸು ಬೇಕೆನ್ನುವ ಗ್ರಾಹಕರಿಗೆ, ಮಕ್ಕಳು ಆಡುವಷ್ಟು ಜಾಗಕ್ಕೆ ಮಾತ್ರ ಹುಲ್ಲು ಹಾಕಿ ಉಳಿದೆಡೆ ನೀರು ಕಡಿಮೆ ಬೇಡುವ ದಾಸವಾಳ, ಕಣಗಿಲೆ, ಬೋಗನ್‌ವಿಲ್ಲಾ ಮುಂತಾದ ಪೊದೆಗಿಡಗಳನ್ನು ಬೆಳೆಸಲು ಸಲಹೆ ಕೊಡುವುದು ಹಿತ. ಕಣಗಿಲೆ ವಿಷಕಾರಿಯಾದುದರಿಂದ ಅದನ್ನು ಮಕ್ಕಳ ಆಟದ ಜಾಗದಿಂದ ದೂರವಿಡಬೇಕು. ಸಂಕೀರ್ಣದಲ್ಲಿ ಶುದ್ಧೀಕರಿಸಿದ ಬಳಕೆ ನೀರು ದೊರೆಯುವುದಾದರೆ ಅದನ್ನೇ ಬಳಸಬೇಕು. ಬೆಳಗಿನ ಜಾವ ನೀರುಣಿಸುವುದು, ಪಾತಿಗೆ ಒಣ ಎಲೆಯ ಹೊದಿಕೆ ಹಾಕುವುದು ನೀರನ್ನು ಉಳಿಸುತ್ತವೆ. ಹುಲ್ಲುಹಾಸು ಕಿರಿದಾದರೆ ಆದಾಯ ಕುಗ್ಗುವುದೆಂಬ ಭಯ ಬೇಡ. ಬೇಸಿಗೆಯಲ್ಲಿ ಒಣಗಿಹೋದ ಹುಲ್ಲುಹಾಸಿನ ಒಪ್ಪಂದ ಮರುವರ್ಷ ಮುಂದುವರಿಯುವುದು ಕಷ್ಟ. ಪೊದೆಗಿಡಗಳ ಆರೈಕೆಯೋ ವರ್ಷವಿಡೀ ಇರುತ್ತದೆ.

ಸುರಕ್ಷತೆ ಮತ್ತು ಕಾನೂನು

ಯಂತ್ರ ನಡೆಸುವ ಮೊದಲು ಕಲ್ಲು, ತಂತಿ, ಆಟಿಕೆಗಳನ್ನು ಆರಿಸಿ ತೆಗೆಯಬೇಕು. ತಿರುಗುವ ಅಲಗು ಸಣ್ಣ ಕಲ್ಲನ್ನೂ ಗುಂಡಿನಂತೆ ಎಸೆಯುತ್ತದೆ. ಗಟ್ಟಿ ಬೂಟು ಮತ್ತು ಕಣ್ಣಿನ ರಕ್ಷಣೆ ಇಲ್ಲದೆ ಕೆಲಸ ಮಾಡಬಾರದು. ಅಲಗು ಶುಚಿಗೊಳಿಸುವ ಮೊದಲು ವಿದ್ಯುತ್ ಯಂತ್ರದ ಪ್ಲಗ್ ತೆಗೆಯಬೇಕು. ಪೆಟ್ರೋಲ್ ಯಂತ್ರವಾದರೆ ಸ್ಪಾರ್ಕ್ ಪ್ಲಗ್ಗಿನ ತಂತಿ ಕಳಚಬೇಕು. ಬಿಸಿ ಎಂಜಿನ್ನಿಗೆ ಪೆಟ್ರೋಲ್ ತುಂಬಬಾರದು.

ಕೀಟನಾಶಕದ ಡಬ್ಬಿಯ ಮೇಲಿನ ಬಣ್ಣದ ತ್ರಿಕೋನವು ವಿಷದ ಮಟ್ಟವನ್ನು ಸೂಚಿಸುತ್ತದೆ. ಕೆಂಪು ಅತ್ಯಂತ ವಿಷಕಾರಿ. ಅನಂತರ ಹಳದಿ, ನೀಲಿ, ಹಸಿರು ಕ್ರಮವಾಗಿ ಕಡಿಮೆ. ಮಕ್ಕಳು ಆಡುವ ಆವರಣದಲ್ಲಿ ಕೆಂಪು ಮತ್ತು ಹಳದಿ ಗುರುತಿನವುಗಳನ್ನು ದೂರವಿಟ್ಟು ಬೇವಿನ ಹಿಂಡಿ, ಬೇವಿನೆಣ್ಣೆಗಳನ್ನು ಆಶ್ರಯಿಸುವುದು ಲೇಸು.

ಮರ ಕಡಿಯುವ ವಿಷಯದಲ್ಲಿ ಎಚ್ಚರ ಅಗತ್ಯ. ಮಹಾರಾಷ್ಟ್ರದ ನಗರ ಪ್ರದೇಶಗಳಲ್ಲಿ 1975ರ, ದೆಹಲಿಯಲ್ಲಿ 1994ರ ವೃಕ್ಷ ಸಂರಕ್ಷಣಾ ಕಾಯಿದೆಗಳ ಪ್ರಕಾರ ಅನುಮತಿ ಇಲ್ಲದೆ ಮರ ಕಡಿಯುವಂತಿಲ್ಲ. ಜಾಗ ತನ್ನದೇ ಎಂಬ ಗ್ರಾಹಕನ ಮಾತು ಇಲ್ಲಿ ರಕ್ಷಣೆಯಾಗದು. ಒಣ ಎಲೆ, ಕತ್ತರಿಸಿದ ಹುಲ್ಲಿಗೆ ಬೆಂಕಿ ಹಚ್ಚಬಾರದು. ತೆರೆದ ಜಾಗದಲ್ಲಿ ತ್ಯಾಜ್ಯ ಸುಡುವವರಿಗೆ ದಂಡ ವಿಧಿಸಲು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಡಿಸೆಂಬರ್ 2016ರಲ್ಲಿ ಆದೇಶಿಸಿತು. ಅದೇ ಕಸವನ್ನು ಗುಂಡಿಯಲ್ಲಿ ಕೊಳೆಸಿದರೆ ಗೊಬ್ಬರವಾಗಿ ಹಣ ತರುತ್ತದೆ.

ತರಬೇತಿ, ನೋಂದಣಿ ಮತ್ತು ಸಾಲ

ಉದ್ಯಾನ ಕಲೆ ಕನ್ನಡ ನಾಡಿಗೆ ಹೊಸದಲ್ಲ. ಹೈದರಾಲಿ 1760ರಲ್ಲಿ ಆರಂಭಿಸಿದ ಬೆಂಗಳೂರಿನ ಲಾಲ್‌ಬಾಗ್ ಇಂದಿಗೂ ಆ ವಿದ್ಯೆಯ ಕೇಂದ್ರವಾಗಿದೆ. ಸ್ವಯಂ ಉದ್ಯೋಗ ತರಬೇತಿಗೂ ಕರ್ನಾಟಕವೇ ದೇಶಕ್ಕೆ ಮಾದರಿ ಕೊಟ್ಟಿತು. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯನ್ನು ಅನುಸರಿಸಿ, ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಯಂ ಉದ್ಯೋಗ ತರಬೇತಿ ಸಂಸ್ಥೆಗಳು ದೇಶದ ಜಿಲ್ಲೆಗಳಲ್ಲಿ ಸ್ಥಾಪನೆಗೊಂಡವು. ಊರಿನಲ್ಲಿರುವ ಯುವಕ, ಯುವತಿಯರು ನಗರಕ್ಕೆ ಹೊರಡುವ ಮೊದಲೇ ಅಲ್ಲಿ ವಿಚಾರಿಸಬಹುದು.

ಜುಲೈ 2020ರಲ್ಲಿ ಆರಂಭವಾದ ಉದ್ಯಮ್ ನೋಂದಣಿಗೆ ಆಧಾರ್ ಸಂಖ್ಯೆ ಮತ್ತು ಪ್ಯಾನ್ ಬೇಕಾಗುತ್ತವೆ, ಶುಲ್ಕವಿಲ್ಲ. ಮಧ್ಯವರ್ತಿಗಳಿಗೆ ಹಣ ತೆರಬೇಕಾಗಿಲ್ಲ. 2015ರಲ್ಲಿ ಆರಂಭಗೊಂಡ ಪ್ರಧಾನಮಂತ್ರಿ ಮುದ್ರಾ ಯೋಜನೆಯ ಶಿಶು ವರ್ಗದಲ್ಲಿ 50,000 ರೂಪಾಯಿಗಳವರೆಗೆ, ಕಿಶೋರ ವರ್ಗದಲ್ಲಿ 5 ಲಕ್ಷ ರೂಪಾಯಿಗಳವರೆಗೆ ಅಡಮಾನವಿಲ್ಲದ ಸಾಲಕ್ಕೆ ಅವಕಾಶ ಕಲ್ಪಿಸಲಾಯಿತು. ಸಾಲಕ್ಕೆ ಅರ್ಜಿ ಹಾಕುವ ಮೊದಲು ಆ ವರ್ಷದ ನಿಯಮಗಳನ್ನು ಬ್ಯಾಂಕಿನಲ್ಲಿ ಕೇಳಿ ತಿಳಿಯಬೇಕು. ಮೇಲೆ ಹೇಳಿದ ರೀತಿಯ ತಿಂಗಳ ಲೆಕ್ಕದ ಹಾಳೆ ಮತ್ತು ಒಪ್ಪಂದ ಪತ್ರಗಳು ಕೈಯಲ್ಲಿದ್ದರೆ ಬ್ಯಾಂಕಿನ ವಿಶ್ವಾಸ ಗಳಿಸುವುದು ಸುಲಭ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಜೂನ್ 2022ರಲ್ಲಿ ನಿಗದಿಯಾದ ವಾರ್ಷಿಕ 20 ರೂಪಾಯಿ ಕಂತಿಗೆ 2 ಲಕ್ಷ ರೂಪಾಯಿಗಳ ಅಪಘಾತ ವಿಮೆ ಇದೆ. ಅಲಗಿನ ಯಂತ್ರದೊಡನೆ ದುಡಿಯುವ ಸಹಾಯಕನಿಗೂ ಇದನ್ನು ಮಾಡಿಸುವುದು ಉದ್ಯಮಿಯ ಕರ್ತವ್ಯ.

ಉದ್ಯಮದ ವಿಸ್ತರಣೆ

ಊರಿನ ನಾಲ್ಕು ಮೂಲೆಗಳಲ್ಲಿ ಗ್ರಾಹಕರನ್ನು ಹುಡುಕುವುದಕ್ಕಿಂತ ಒಂದೇ ಬಡಾವಣೆಯಲ್ಲಿ ಅಕ್ಕಪಕ್ಕದ ಜಾಗಗಳನ್ನು ಹಿಡಿಯುವುದು ಲಾಭಕರ. ಪ್ರಯಾಣದ ಸಮಯ ಉಳಿದು ಆದಾಯ ತರುವ ಗಂಟೆಗಳು 150ರಿಂದ 165ಕ್ಕೆ ಏರಿದರೆ, 330 ರೂಪಾಯಿ ದರದಲ್ಲಿ ತಿಂಗಳಿಗೆ 4,950 ರೂಪಾಯಿ ಹೆಚ್ಚುತ್ತದೆ. ಇದಕ್ಕೆ ಹೊಸ ಯಂತ್ರವೂ ಬೇಡ, ಹೊಸ ಆಳೂ ಬೇಡ. ಅಚ್ಚುಕಟ್ಟಾಗಿ ಇರಿಸಿದ ಒಂದು ಆವರಣವೇ ಪಕ್ಕದ ಸಂಘಕ್ಕೆ ಅತ್ಯುತ್ತಮ ಜಾಹೀರಾತು.

ಮೊದಲ ತಂಡದ ಗಂಟೆಗಳು ಎರಡು ಮಳೆಗಾಲ ಪೂರ್ತಿ ತುಂಬಿದ ಮೇಲೆಯೇ ಎರಡನೆಯ ತಂಡವನ್ನು ಕಟ್ಟಬೇಕು. ಪಳಗಿದ ಸಹಾಯಕನನ್ನು ಅದರ ಮುಖ್ಯಸ್ಥನನ್ನಾಗಿ ಮಾಡಿ, ರಾಜ್ಯ ಸರಕಾರ ಗೊತ್ತುಪಡಿಸಿದ ಕನಿಷ್ಠ ವೇತನಕ್ಕೆ ಕಡಿಮೆಯಾಗದಂತೆ ಸಂಬಳವನ್ನು ಕ್ಲುಪ್ತಕಾಲಕ್ಕೆ ಕೊಟ್ಟರೆ ಅವನು ಬಿಟ್ಟುಹೋಗುವ ಸಂಭವ ಕಡಿಮೆ. ಸಸಿಗಳ ಚಿಕ್ಕ ನರ್ಸರಿ, ಗೊಬ್ಬರ ಮಾರಾಟ, ತಾರಸಿ ತರಕಾರಿ ತೋಟ, ಹನಿ ನೀರಾವರಿ ಜೋಡಣೆ ಇವು ಒಣ ತಿಂಗಳ ಗಂಟೆಗಳನ್ನು ತುಂಬಬಲ್ಲ ಉಪವೃತ್ತಿಗಳು. ಕುಟುಂಬದ ಮಹಿಳೆಯರು ಇವುಗಳಲ್ಲಿ ಸಮಾನ ಪಾಲುದಾರರಾಗಬಹುದು. ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಸಮೀಪಿಸಿದಾಗ ಸರಕು ಮತ್ತು ಸೇವಾ ತೆರಿಗೆ ನೋಂದಣಿಯ ಬಗ್ಗೆ ಲೆಕ್ಕಪರಿಶೋಧಕರ ಸಲಹೆ ಪಡೆಯತಕ್ಕದ್ದು.

ಗುದ್ದಲಿ ಹಿಡಿಯಬಲ್ಲ ಕೈಗೆ ಲೆಕ್ಕದ ಪುಸ್ತಕ ಭಾರವಾಗಬೇಕಾಗಿಲ್ಲ. ದಿನದ ಕೊನೆಗೆ ಹತ್ತು ನಿಮಿಷ ಕುಳಿತು, ಯಾವ ಜಾಗದಲ್ಲಿ ಎಷ್ಟು ಗಂಟೆ ದುಡಿದುದು, ಎಷ್ಟು ಬಂದುದು, ಎಷ್ಟು ಬರಬೇಕಾದುದು ಎಂಬ ಮೂರು ಸಾಲು ಬರೆದಿಡುವ ಅಭ್ಯಾಸವೇ ದಿನಗೂಲಿಯ ಮಾಲಿಯನ್ನು ಸ್ವಂತ ಕಾಲ ಮೇಲೆ ನಿಂತ ಉದ್ಯಮಿಯನ್ನಾಗಿ ಮಾಡುವ ಮೊದಲ ಮೆಟ್ಟಿಲು.